ಕುದುರೆ ಕಾಲಿಗೆ ಮಿಲಿಪುಟ್, ಕುತ್ತಿಗೆಗೆ ಬೆಂಕಿಕಡ್ಡಿ

ನನ್ನ ಮೇಜಿನ ಮೇಲೆ ಈಗ ಮೂರು ಕಾಲಿನ ಕುದುರೆಯೊಂದು ಖಾಲಿ ಹಿಂಗಿನ ಡಬ್ಬಿಗೆ ಒರಗಿಕೊಂಡು ನಿಂತಿದೆ. ಮೇಲೆ ಕೂತ ಸವಾರನಿಗೆ ಬಲಗೈ ಇಲ್ಲ. ಹಳದಿ ಕೋಟಿನ ಬಣ್ಣ ಅಲ್ಲಲ್ಲಿ ಎದ್ದು ಒಳಗಿನ ಸೀಸ ಇಣುಕುತ್ತಿದೆ. ಹೋದ ಭಾನುವಾರ ಕಾರ್ ಬೂಟ್ ಸೇಲ್‌ನಲ್ಲಿ ನಾಲ್ಕು ಪೌಂಡಿಗೆ ತಂದೆ. ಕಾರಿನ ಡಿಕ್ಕಿ ತೆಗೆದು ಮನೆಯ ಹಳೇ ಸಾಮಾನು ಮಾರುವ ಸಂತೆ ಅದು. ನಮ್ಮವರು ಅದಕ್ಕೆ ಡಿಕ್ಕಿ ಸಂತೆ ಅಂತಲೇ ಹೆಸರಿಟ್ಟಿದ್ದಾರೆ.

ಇಂಥ ಕೈಕಾಲು ಮುರಿದ ಸೀಸದ ಸಿಪಾಯಿಗಳನ್ನು ರಿಪೇರಿ ಮಾಡುವುದು ಹನ್ನೊಂದು ವರ್ಷದಿಂದ ನನಗೆ ಹತ್ತಿಕೊಂಡಿರುವ ಹುಚ್ಚು. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಖರ್ಚು ಮಾಡಿರುವ ವಸ್ತು ಮಿಲಿಪುಟ್ ಅನ್ನುವ ಎಪಾಕ್ಸಿ ಪುಟ್ಟಿ. ಈಗ ಏಳನೇ ಪ್ಯಾಕೆಟ್ ನಡೆಯುತ್ತಿದೆ. ಅದು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅಂತ ಹೇಳುವಷ್ಟು ಕೈ ಪಳಗಿದೆ ಅಂದುಕೊಂಡಿದ್ದೇನೆ.

ನಾವಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಚಾಮರಾಜಪುರಂ. ದಸರಾ ಬಂತು ಅಂದರೆ ಅಟ್ಟದಿಂದ ಪೆಟ್ಟಿಗೆ ಇಳಿಸಿ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುತ್ತಿದ್ದ ಮನೆ. ಇಲ್ಲಿಗೆ ಬರುವಾಗ ಪಟ್ಟದ ಗೊಂಬೆ ಜೋಡಿಯನ್ನು ರೇಷ್ಮೆ ಸೀರೆಯೊಳಗೆ ಸುತ್ತಿ ತಂದೆ. ಬೇರೆ ಗೊಂಬೆಗೆ ಸೂಟ್‌ಕೇಸಿನ ತೂಕ ಸಾಲಲಿಲ್ಲ. ಹಾಗಾಗಿ ಇಲ್ಲಿನ ಗೊಂಬೆ ಮೆಟ್ಟಿಲು ಮೂರೇ. ಜಂಬೂ ಸವಾರಿಗೆ ಆನೆ ಹೇಗೋ ಸಿಕ್ಕಿತು, ಸಿಪಾಯಿಗಳು ಸಿಗಲಿಲ್ಲ. ಒಂದು ದಿನ ಚಾರಿಟಿ ಅಂಗಡಿಯಲ್ಲಿ ತುಕ್ಕು ಹಿಡಿದ ಬಿಸ್ಕತ್ ಡಬ್ಬಿಯೊಳಗೆ ಇಪ್ಪತ್ತಮೂರು ಸಿಪಾಯಿಗಳು ಬಿದ್ದಿದ್ದರು. ಪೂರ್ತಿ ಮೈ ಇದ್ದವರು ನಾಲ್ಕೇ ಜನ. ಮೂವರಿಗೆ ಮುಂಡಾಸು ಇತ್ತು! ಅಷ್ಟೇ ಸಾಕಾಯಿತು.

ಆ ಸಂಜೆ ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ.

"ಏನೇ ಇದು, ಕೈಯಿಲ್ಲ ಕಾಲಿಲ್ಲ. ಭಿನ್ನ ಆಗಿರೋದನ್ನ ಗೊಂಬೆ ಮೆಟ್ಟಿಲ ಮೇಲೆ ಇಡ್ತಾರೇನೇ?"

"ರಿಪೇರಿ ಮಾಡ್ತೀನಿ ಕಣಮ್ಮ."

"ನಿನ್ನ ಕೈಲಿ ಹರಿದ ಬ್ಲೌಸೇ ಹೊಲಿಯಕ್ಕಾಗಲ್ಲ."

ಅಮ್ಮ ಹೇಳಿದ್ದು ನಿಜ. ಆದರೆ ಹಟ ಹುಟ್ಟಿದ್ದು ಅಲ್ಲೇ.

ಈ ಸಿಪಾಯಿಗಳು ಇಷ್ಟು ಸುಲಭವಾಗಿ ಯಾಕೆ ಮುರಿಯುತ್ತವೆ ಅನ್ನುವುದು ಗೊತ್ತಾಗದೆ ರಿಪೇರಿ ಮಾಡಲು ಆಗುವುದಿಲ್ಲ. ನನ್ನ ಹತ್ತಿರ ಇರುವುದು ಬಹುಪಾಲು ಬ್ರಿಟನ್ಸ್ ಕಂಪನಿಯವು. ಮೊದಲು ಜರ್ಮನಿಯವರು ಗಟ್ಟಿ ಸೀಸದ ಸಿಪಾಯಿ ಮಾಡಿ ಕಳಿಸುತ್ತಿದ್ದರು. ಭಾರ ಜಾಸ್ತಿ, ಬೆಲೆಯೂ ಜಾಸ್ತಿ. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಜೂನಿಯರ್ ಟೊಳ್ಳು ಎರಕದ ಉಪಾಯ ತಂದ. ಕಾದ ಸೀಸವನ್ನು ಅಚ್ಚಿಗೆ ಸುರಿಯುವುದು. ಅಚ್ಚಿನ ಗೋಡೆಗೆ ತಾಗಿದ ಪದರ ಗಟ್ಟಿಯಾದ ಕೂಡಲೇ ಅಚ್ಚನ್ನು ಬೋರಲು ಹಾಕಿ, ನಡುವೆ ಇನ್ನೂ ನೀರಾಗಿರುವ ಸೀಸವನ್ನು ವಾಪಸ್ ಸುರಿದುಕೊಳ್ಳುವುದು. ಉಳಿಯುವುದು ಬರೀ ಚಿಪ್ಪು. ನೀರುದೋಸೆಯಷ್ಟು ತೆಳು ಅಂದರೆ ಸ್ವಲ್ಪ ಜಾಸ್ತಿ ಹೇಳಿದ ಹಾಗಾಯಿತು, ಆದರೆ ಮುರಿದ ಕುತ್ತಿಗೆಯೊಳಗೆ ಇಣುಕಿದರೆ ನಿಮಗೂ ಹಾಗೇ ಅನಿಸುತ್ತದೆ. ಸೀಸ ಉಳಿಯಿತು, ಬೆಲೆ ಇಳಿಯಿತು, ಜರ್ಮನಿಯವರ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಕಾಲಾಳು ನಿಂತರೆ 54 ಮಿಲಿಮೀಟರ್ ಎತ್ತರ. ಇದೇ ಅಳತೆಯನ್ನು ಆಮೇಲೆ ಎಷ್ಟೋ ಜನ ಹಿಡಿದುಕೊಂಡರು. ಮಕ್ಕಳ ಆಟಿಕೆಯಲ್ಲಿ ಸೀಸ ಬೇಡ ಅನ್ನುವ ಕಾಯಿದೆಯ ಬಿಸಿ ತಟ್ಟಿ 1966ರಲ್ಲಿ ಈ ತಯಾರಿಕೆ ನಿಂತಿತು. ಆಮೇಲೆ ಬಂದದ್ದೆಲ್ಲ ಪ್ಲಾಸ್ಟಿಕ್ ಕಾಲ.

ಅಂದರೆ ನನ್ನ ಕೈಯಲ್ಲಿರುವ ಯಾವ ಸಿಪಾಯಿಗೂ ಅರವತ್ತಕ್ಕಿಂತ ಕಡಿಮೆ ವಯಸ್ಸಿಲ್ಲ ಅನ್ನಬಹುದು. ಅಷ್ಟೂ ವರ್ಷ ಯಾರೋ ಹುಡುಗರು ಅವನ್ನು ಸಾಯಿಸಿದ್ದಾರೆ, ಬದುಕಿಸಿದ್ದಾರೆ, ಮೆಟ್ಟಿಲ ಮೇಲಿಂದ ಉರುಳಿಸಿದ್ದಾರೆ.

ಮುರಿದದ್ದಕ್ಕೆ ಬೆಸುಗೆ ಹಾಕಬಹುದಲ್ವಾ ಅಂತ ನಮ್ಮವರು ಮೊದಲ ದಿನವೇ ಕೇಳಿದರು. ಎಂಜಿನಿಯರ್ ಬುದ್ಧಿ. ಸೀಸ ಕರಗುವುದೇ 327 ಡಿಗ್ರಿಗೆ. ಇವುಗಳಲ್ಲಿ ತವರ, ಆಂಟಿಮನಿ ಬೆರೆತಿರುವುದರಿಂದ ಇನ್ನೂ ಬೇಗ ಕರಗುತ್ತದೆ. ಬೆಸುಗೆ ಕಡ್ಡಿ ಮುಟ್ಟಿಸಿದರೆ ಜೋಡಣೆ ಆಗುವ ಬದಲು ಕಾಲೇ ಬೆಣ್ಣೆಯ ಹಾಗೆ ಇಳಿದುಹೋಗುತ್ತದೆ. ಪಳಗಿದವರು ಮಾಡುತ್ತಾರಂತೆ, ನನಗೆ ಅಷ್ಟು ಧೈರ್ಯ ಇಲ್ಲ. ಅದಕ್ಕೇ ಪುಟ್ಟಿ.

ಮಿಲಿಪುಟ್ ವೇಲ್ಸ್‌ನಲ್ಲಿ ತಯಾರಾಗುತ್ತದೆ. ಅಂಗೈಗಿಂತ ಸ್ವಲ್ಪ ಉದ್ದದ ಡಬ್ಬ. ಒಳಗೆ ಎರಡು ಕಡ್ಡಿ, ಒಟ್ಟು 113.4 ಗ್ರಾಂ. ನಾನು ಐದಾರು ಪೌಂಡ್ ಕೊಟ್ಟು ತರುತ್ತೇನೆ. ಎರಡರಿಂದಲೂ ಒಂದೇ ಅಳತೆ ಕತ್ತರಿಸಿ, ಬೆರಳಲ್ಲಿ ಕಲಸಬೇಕು. ಇಲ್ಲೇ ಹೆಚ್ಚಿನವರು ತಪ್ಪುವುದು. ಎರಡು ನಿಮಿಷ ಹಿಸುಕಿ ಸಾಕು ಅಂದುಕೊಳ್ಳುತ್ತಾರೆ. ಹೋಳಿಗೆ ಕಣಕ ನಾದಿದವರಿಗೆ ಹೇಳಿಕೊಡಬೇಕಾಗಿಲ್ಲ. ಗೆರೆ ಗೆರೆ ಕಾಣುವಷ್ಟು ಹೊತ್ತೂ ನಾದುತ್ತಲೇ ಇರಬೇಕು. ಐದು ನಿಮಿಷವಂತೂ ಬೇಕೇ ಬೇಕು. ಬಣ್ಣ ಪೂರ್ತಿ ಒಂದಾದ ಮೇಲೆ ಅದು ಅಂಟಂಟಾಗಿ, ಹೇಳಿದ ಹಾಗೆ ಕೇಳುವ ಸ್ಥಿತಿಗೆ ಬರುತ್ತದೆ. ಬೆರಳಿಗೆ ನೀರು ಮುಟ್ಟಿಸಿಕೊಂಡು ಸವರಿದರೆ ಮೇಲ್ಮೈ ನುಣುಪಾಗುತ್ತದೆ. ಇದು ನನಗೆ ಬಹಳ ಇಷ್ಟದ ಗುಣ. ಬೇರೆ ಅಂಟುಗಳಿಗೆ ನೀರು ಅಂದರೆ ಆಗುವುದಿಲ್ಲ, ಇದಕ್ಕೆ ನೀರೇ ಉಪಕರಣ.

ಬೆಚ್ಚಗಿನ ಕೋಣೆಯಲ್ಲಿ ಮೂರು ನಾಲ್ಕು ಗಂಟೆಗೆ ಕಲ್ಲಾಗುತ್ತದೆ. ಲೆಸ್ಟರ್‌ನ ಜನವರಿಯಲ್ಲಿ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಚಳಿಗೆ ನಿಧಾನ, ಬಿಸಿಗೆ ಬೇಗ. ನಾನು ರೇಡಿಯೇಟರ್ ಮೇಲೆ ಇಟ್ಟು ಮಲಗುತ್ತೇನೆ. ದೋಸೆ ಹಿಟ್ಟು ಹುದುಗಲು ಇಡುವ ರೇಡಿಯೇಟರ್ ಬೇರೆ, ಇದು ಬೇರೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಹಲವು ಬಣ್ಣದಲ್ಲಿ ಸಿಗುತ್ತದೆ. ಹಳದಿ-ಬೂದು ಬಣ್ಣದ್ದು ಸಾಮಾನ್ಯ ಬಗೆ. ಸೂಪರ್‌ಫೈನ್ ವೈಟ್ ಅನ್ನುವುದು ನುಣ್ಣನೆಯದು, ಬೆಲೆ ಸ್ವಲ್ಪ ಹೆಚ್ಚು. ಕುದುರೆ ಕಾಲಿಗೆ ಸಾಮಾನ್ಯದ್ದು ಸಾಕು. ಮೀಸೆ, ಕಿವಿ, ಮುಂಡಾಸಿನ ಮಡಿಕೆ ಇಂಥದ್ದಕ್ಕೆ ಬಿಳಿಯದು ತೊಗೊಳ್ಳಿ. ಎರಡನ್ನೂ ಕೊಳ್ಳಲು ದುಡ್ಡಿಲ್ಲದಿದ್ದರೆ ಬಿಳಿಯದೊಂದೇ ಕೊಳ್ಳಿ.

ಈಗ ಕಾಲಿನ ಕೆಲಸ. ಇದು ಮಿಲಿಪುಟ್‌ನ ಮೆರವಣಿಗೆ ಅಂತಲೇ ಹೇಳಬೇಕು. ಕಾಲು ಇಡೀ ಕಳೆದುಹೋದ ಕುದುರೆಗೆ, ಮುರಿದ ಜಾಗದಲ್ಲಿ ಕೈಯಲ್ಲೇ ತಿರುಗಿಸುವ ಸಣ್ಣ ಡ್ರಿಲ್‌ನಿಂದ ತೂತು ಕೊರೆಯುತ್ತೇನೆ. ಒಂದು ಮಿಲಿಮೀಟರ್‌ಗಿಂತ ತೆಳುವಾದ ಹಿತ್ತಾಳೆ ತಂತಿ ತೂರಿಸಿ, ಪಕ್ಕದ ಕಾಲನ್ನು ನೋಡಿಕೊಂಡು ಮೊಣಕಾಲು ಬಗ್ಗಿಸುತ್ತೇನೆ. ತಂತಿಯೇ ಎಲುಬು. ಅದರ ಮೇಲೆ ಮೊದಲ ದಿನ ತೆಳ್ಳಗೆ ಒಂದು ಪದರ ಪುಟ್ಟಿ ಮೆತ್ತಿ ಬಿಟ್ಟುಬಿಡಬೇಕು. ಮಾಂಸ ಎರಡನೇ ದಿನ. ಒಂದೇ ಸಲಕ್ಕೆ ಎಲ್ಲ ಮೆತ್ತಿದರೆ ಬೆರಳು ಒತ್ತಿದ ಕಡೆಯೆಲ್ಲ ಜಾರುತ್ತದೆ. ಗೊರಸಿನ ಮೇಲಿನ ಕೂದಲಿಗೆ ಪುಟ್ಟಿಯನ್ನು ಹೂಬತ್ತಿ ಹೊಸೆದ ಹಾಗೆ ಹೊಸೆದು ಅಂಟಿಸಿ, ಸೂಜಿಯಲ್ಲಿ ಗೀರುತ್ತೇನೆ. ಬತ್ತಿ ಹೊಸೆಯುವುದು ಅಜ್ಜಿ ಕಲಿಸಿದ ಕೆಲಸ. ಅವರಿಗೆ ಇದು ಗೊತ್ತಾಗಿದ್ದರೆ ಏನಂತಿದ್ದರೋ.

ಮಾರನೇ ದಿನ ನೀರುಕಾಗದದಿಂದ, ಅಂದರೆ ನೀರು ಹಾಕಿಕೊಂಡು ಉಜ್ಜುವ ಸ್ಯಾಂಡ್‌ಪೇಪರ್‌ನಿಂದ, ಉಜ್ಜಿದರೆ ಕಾಲು ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಕಾಣುವುದಿಲ್ಲ. ಕೊರೆಯಬಹುದು, ಅರ ಹಾಕಬಹುದು, ಬಣ್ಣ ಹಚ್ಚಬಹುದು. ಎಂಟು ವರ್ಷದ ಹಿಂದೆ ಮಾಡಿದ ಕಾಲು ಇವತ್ತಿಗೂ ನಿಂತಿದೆ.

ಊರಿನಿಂದ ಎಂ-ಸೀಲ್ ತರಿಸಿಕೊಂಡೂ ನೋಡಿದ್ದೇನೆ. ನಲ್ಲಿ ಸೋರಿದರೆ, ಟ್ಯಾಂಕ್ ಬಿರಿದರೆ ನಮ್ಮೆಲ್ಲರ ಮನೆಯಲ್ಲೂ ಮೊದಲು ನೆನಪಾಗುವುದು ಅದೇ ತಾನೆ. ಎರಡು ಕಡ್ಡಿ ಕಲಸುವ ಕ್ರಮವೂ ಒಂದೇ. ಆದರೆ ಅದು ಇರುವುದು ಪೈಪಿಗೆ, ಗೊಂಬೆಯ ಬೆರಳಿಗಲ್ಲ. ತೆಳ್ಳಗೆ ಎಳೆಯುವಾಗ ತರಿತರಿಯಾಗುತ್ತದೆ. ಒರಟು ಕೆಲಸಕ್ಕೆ, ಅಂದರೆ ತಂತಿಯ ಸುತ್ತ ಮೊದಲ ಪದರಕ್ಕೆ, ಧಾರಾಳವಾಗಿ ಬಳಸಬಹುದು. ಬೆಂಗಳೂರಿನಲ್ಲಿ ಕೂತು ಈ ಹವ್ಯಾಸ ಶುರು ಮಾಡುವವರು ಅದರಲ್ಲೇ ಕೈ ಪಳಗಿಸಿಕೊಂಡು ಆಮೇಲೆ ದುಬಾರಿಯದಕ್ಕೆ ಹೋದರೆ ನಷ್ಟವಿಲ್ಲ.

ಪುಟ್ಟಿ ಕೈಕೊಡುವುದು ಕುತ್ತಿಗೆಯಲ್ಲಿ. ಸಿಪಾಯಿಗಳಲ್ಲಿ ಅತಿ ಹೆಚ್ಚು ಮುರಿಯುವುದೂ ಕುತ್ತಿಗೆಯೇ. ನಾನು ಮೊದಲು ಹತ್ತು ತಲೆಗಳನ್ನು ಮಿಲಿಪುಟ್‌ನಲ್ಲೇ ಕೂರಿಸಿದೆ. ಜೋಡಣೆಯ ಜಾಗ ಸಾಸಿವೆ ಕಾಳಿನ ನಾಲ್ಕರಷ್ಟೂ ಇಲ್ಲ. ಒಳಗೆ ಸ್ವಲ್ಪ ಹಾಕಿದರೆ ಹಿಡಿಯುವುದಿಲ್ಲ, ಜಾಸ್ತಿ ಹಾಕಿದರೆ ಕಾಲರ್ ಮೇಲೆ ಉಕ್ಕಿ ಗಳಗಂಡದ ಹಾಗೆ ಕಾಣುತ್ತದೆ. ಗಟ್ಟಿಯಾದ ಮೇಲೆ ಒಂದು ಚೂರೂ ಬಾಗುವುದಿಲ್ಲ, ಹಾಗಾಗಿ ಮೆಟ್ಟಿಲಿನಿಂದ ಒಮ್ಮೆ ಬಿದ್ದರೆ ಟಕ್ ಅಂತ ಮತ್ತೆ ತಲೆ ಬೇರೆ, ಮೈ ಬೇರೆ. ಆ ವರ್ಷ ನವರಾತ್ರಿಯಲ್ಲಿ ಪಕ್ಕದ ಮನೆಯ ಮಗು ಮೂವರ ಶಿರಚ್ಛೇದ ಮಾಡಿತು.

ಗೊಂಬೆ ಮೇಳವೊಂದರಲ್ಲಿ ಸಿಕ್ಕಿದ ಎಂಬತ್ತರ ಅಂಚಿನ ಒಬ್ಬ ಇಂಗ್ಲಿಷ್ ತಾತ ನನ್ನ ಪ್ರತಾಪ ಕೇಳಿ ನಕ್ಕುಬಿಟ್ಟರು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಅಷ್ಟೇ, ಉತ್ತರ ಅದು. ಸಿಪಾಯಿ ಟೊಳ್ಳು, ತಲೆಯೂ ಟೊಳ್ಳು. ಬೆಂಕಿಕಡ್ಡಿಯ ಮದ್ದು ಮುರಿದು, ಕಡ್ಡಿಯನ್ನು ಹೆರೆದು ಸಣ್ಣ ಮಾಡಿ, ಅರ್ಧ ಮೈಯೊಳಗೆ ಅರ್ಧ ತಲೆಯೊಳಗೆ ತೂರಿಸಿ ಒಂದು ಹನಿ ಅಂಟು ಬಿಟ್ಟರೆ ಮುಗಿಯಿತು. ಮರಕ್ಕೆ ಸ್ವಲ್ಪ ಬಾಗುವ ಗುಣ ಇದೆ. ಬಿದ್ದರೂ ತಡೆದುಕೊಳ್ಳುತ್ತದೆ. ಹಳೇ ಕಾಲದಿಂದಲೂ ಇಲ್ಲಿನ ಮನೆಗಳಲ್ಲಿ ಅಪ್ಪಂದಿರು ಮಾಡುತ್ತಿದ್ದದ್ದು ಇದನ್ನೇ. ಐದು ಪೌಂಡಿನ ಪುಟ್ಟಿಯನ್ನು ಒಂದು ಬೆಂಕಿಕಡ್ಡಿ ಸೋಲಿಸಿತು ಅಂತ ವಿಮರ್ಶೆಯಲ್ಲಿ ಬರೆಯಲು ನನಗೇನೂ ನಾಚಿಕೆಯಿಲ್ಲ. ಈಗ ಕುತ್ತಿಗೆಗೆ ಕಡ್ಡಿಯೇ. ಸುತ್ತಲ ಬಿರುಕು ಮುಚ್ಚಲು ಮಾತ್ರ ಕೂದಲೆಳೆಯಷ್ಟು ಬಿಳಿ ಮಿಲಿಪುಟ್.

ಕೈಗಳಿಗೆ ಎರಡೂ ಬೇಡ. ಬ್ರಿಟನ್ಸ್ ಸಿಪಾಯಿಗಳ ಆಡುವ ಕೈ ಭುಜದ ಮೇಲಿನ ಒಂದು ಗುಬುಟಿಗೆ ಉಂಗುರದ ಹಾಗೆ ಸಿಕ್ಕಿಕೊಂಡಿರುತ್ತದೆ. ಹೊಸದಾಗಿ ಎರಕ ಹೊಯ್ದ ಬಿಡಿ ಕೈಗಳನ್ನು ಮಾರುವವರು ಇಲ್ಲಿ ಇದ್ದಾರೆ. ತಂದು ಸಿಕ್ಕಿಸಿದರೆ ಆಯಿತು. ಪುಟ್ಟಿ ಹಾಕಿ ಭುಜಕ್ಕೆ ಅಂಟಿಸಿದರೆ ಕೈ ಆಡುವುದೇ ನಿಂತುಹೋಗುತ್ತದೆ, ಮತ್ತೆ ಅದು ಬ್ರಿಟನ್ಸ್ ಹೇಗಾದೀತು?

ಬಣ್ಣಕ್ಕೆ ನಾನು ಹಂಬ್ರಾಲ್ ಎನಾಮಲ್ ಬಳಸುತ್ತೇನೆ. 14 ಮಿಲಿಲೀಟರಿನ ಪುಟ್ಟ ತಗಡಿನ ಡಬ್ಬಿ, ಪ್ರತಿ ಬಣ್ಣಕ್ಕೂ ನಂಬರು. ಕೆಂಪು ಕೋಟಿಗೆ 19, ಕಪ್ಪಿಗೆ 21, ಬಿಳಿಗೆ 22, ಹಳದಿಗೆ 69. ಇವೆಲ್ಲ ಹೊಳಪಿನವು. ಹಳೇ ಆಟಿಕೆಗೆ ಹೊಳಪೇ ಸರಿ, ಮ್ಯಾಟ್ ಹಚ್ಚಿದರೆ ಸತ್ತ ಹಾಗೆ ಕಾಣುತ್ತದೆ. ಎನಾಮಲ್ ಒಣಗಲು ಒಂದು ರಾತ್ರಿ ಬೇಕು, ಟರ್ಪೆಂಟೈನ್ ವಾಸನೆಗೆ ಮನೆಯವರು ಗೊಣಗುತ್ತಾರೆ. ಆದರೂ ಹಳೇ ಬಣ್ಣದ ಪಕ್ಕದಲ್ಲಿ ಹೊಂದಿಕೊಂಡು ಕೂರುವುದು ಅದೇ.

ಇಲ್ಲೇ ನನ್ನ ದೊಡ್ಡ ಪಾಪ ಹೇಳಿಬಿಡಬೇಕು. ಬಿಸ್ಕತ್ ಡಬ್ಬಿಯ ಮುಂಡಾಸಿನವರಲ್ಲಿ ಒಬ್ಬ ಸ್ಕಿನ್ನರ್ಸ್ ಹಾರ್ಸ್ ಸವಾರ ಇದ್ದ. 1803ರಲ್ಲಿ ಜೇಮ್ಸ್ ಸ್ಕಿನ್ನರ್ ಕಟ್ಟಿದ ದಳ ಅದು. ಹಳದಿ ಕೋಟಿನಿಂದಾಗಿ ಯೆಲ್ಲೋ ಬಾಯ್ಸ್ ಅಂತ ಹೆಸರು. ಬ್ರಿಟನ್ಸ್‌ನವರ 47ನೇ ನಂಬರಿನ ಸೆಟ್. ನನ್ನವನ ಕೋಟು ಮಾಸಿತ್ತು, ಆದರೆ ಮುಖ, ಮೀಸೆ, ನಡುಪಟ್ಟಿ ಎಲ್ಲ ಇದ್ದವು. ನಾನು ಉತ್ಸಾಹದಲ್ಲಿ ಬಣ್ಣವನ್ನೆಲ್ಲ ತೊಳೆದು ಹಾಕಿ, ಹೊಚ್ಚ ಹೊಸದಾಗಿ ಬಳಿದು, ಮೇಳಕ್ಕೆ ಒಯ್ದು ಅದೇ ತಾತನಿಗೆ ತೋರಿಸಿದೆ. ಅವರು ತಿರುಗಿಸಿ ತಿರುಗಿಸಿ ನೋಡಿ, ಕೆಲಸ ಚೆನ್ನಾಗಿದೆ ಅಂದರು. ಆಮೇಲೆ ನಿಧಾನವಾಗಿ, ಇವನಿಗೆ ಹೋದ ತಿಂಗಳವರೆಗೆ ಎಂಬತ್ತು ವರ್ಷ ಆಗಿತ್ತು, ಈಗ ಎರಡು ವಾರ ಅಂದರು.

ಕಾರ್ಖಾನೆಯಲ್ಲಿ ಈ ಬಣ್ಣ ಬಳಿಯುತ್ತಿದ್ದವರು ಹೆಚ್ಚಾಗಿ ಹೆಂಗಸರು, ಎಲ್ಲ ಕೈಯಲ್ಲೇ. ಒಂದು ಎಳೆತಕ್ಕೆ ಒಂದು ಮೀಸೆ. ಆ ಮೀಸೆಯನ್ನು ನಾನು ಹತ್ತಿಯಲ್ಲಿ ಒರೆಸಿ ಹಾಕಿದ್ದೆ. ಅಂದಿನಿಂದ ಪುಟ್ಟಿ ಹಾಕಿದ ಜಾಗಕ್ಕೆ ಮಾತ್ರ ಬಣ್ಣ. ಉಳಿದ ಕಡೆ ಎಷ್ಟೇ ಎದ್ದಿರಲಿ, ಮುಟ್ಟುವುದಿಲ್ಲ. ಸಂಗ್ರಹ ಮಾಡುವವರ ಲೆಕ್ಕದಲ್ಲೂ ಹಳೇ ಬಣ್ಣ ಉಳಿದ ಮುರುಕಲಿಗೆ ಬೆಲೆ ಜಾಸ್ತಿ, ಪೂರ್ತಿ ಬಳಿದ ಚಂದದ್ದಕ್ಕೆ ಕಡಿಮೆ. ಒಮ್ಮೆ ಆನ್‌ಲೈನ್‌ನಲ್ಲಿ ಒಬ್ಬರು ಮೂಲ ಬಣ್ಣ ಅಂತ ಹೇಳಿ ನನಗೆ ಐದು ಸವಾರರನ್ನು ಮಾರಿದರು. ಬಂದ ಮೇಲೆ ಕುದುರೆ ಹೊಟ್ಟೆ ಕೆಳಗೆ ನೋಡಿದರೆ ಹೊಸ ಬಣ್ಣದಡಿ ಹಳೇ ಬಣ್ಣ ಎದ್ದ ಗುಳಿಗಳು. ಕೊಳ್ಳುವಾಗ ಹೊಟ್ಟೆಯ ಕೆಳಗಿನ ಫೋಟೊ ಕೇಳಿ. ಕೊಡಲಿಲ್ಲವೋ, ಬಿಟ್ಟುಬಿಡಿ.

ಇನ್ನೊಂದು ನಷ್ಟ ನಾನೇ ಮಾಡಿಕೊಂಡದ್ದು. ಚಂದವಾಗಿ ಕಾಣಲಿ ಅಂತ ಹಳೇ ಓಕ್ ಮರದ ಗಾಜಿನ ಬೀರು ತಂದು ಎಲ್ಲರನ್ನೂ ಅದರಲ್ಲಿ ಜೋಡಿಸಿದೆ. ಎರಡು ವರ್ಷದಲ್ಲಿ ಕೆಳಗಿನ ಸಾಲಿನವರ ಕಾಲಿಗೆ ಬೂದು-ಬಿಳಿ ಪುಡಿ ಹತ್ತಿತು. ವಿಭೂತಿ ಹಚ್ಚಿಕೊಂಡ ಹಾಗೆ. ಓಕ್ ಮರ ಬಿಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ, ಮುಚ್ಚಿದ ಬೀರು ಮತ್ತು ತೇವ ಸೇರಿದರೆ ಇನ್ನೂ ಬೇಗ. ತಿಂದು ಹೋದ ಸೀಸ ವಾಪಸ್ ಬರುವುದಿಲ್ಲ. ಆ ಪುಡಿಯ ಮೇಲೆ ಪುಟ್ಟಿಯೂ ಹಿಡಿಯುವುದಿಲ್ಲ. ಜಿಡ್ಡಿದ್ದರೂ ಅಷ್ಟೇ, ಪುಡಿ ಇದ್ದರೂ ಅಷ್ಟೇ, ಮಿಲಿಪುಟ್‌ಗೆ ಶುಚಿಯಾದ ಒರಟು ಲೋಹ ಬೇಕು. ಈಗ ಲೋಹ ಮತ್ತು ಗಾಜಿನ ಶೆಲ್ಫಿಗೆ ಬದಲಾಯಿಸಿದ್ದೇನೆ. ಓಕ್ ಬೀರುವಿನಲ್ಲಿ ಉಪ್ಪಿನಕಾಯಿ ಭರಣಿಗಳಿವೆ.

ಸೀಸದ ಮಾತು ಬಂತಲ್ಲ. ಒಣ ಸೀಸವನ್ನು ಎಂದೂ ಉಜ್ಜಬೇಡಿ. ದೂಳು ಗಾಳಿಯಲ್ಲಿ ಹೋಗುತ್ತದೆ. ನೀರು ಹಾಕಿಕೊಂಡೇ ಉಜ್ಜಿ, ಕಾಗದ ಸುತ್ತಿ ಎಸೆಯಿರಿ, ಕೈ ತೊಳೆದುಕೊಂಡು ಆಮೇಲೆ ಕಾಫಿ. ಅಡುಗೆಮನೆಯಲ್ಲಂತೂ ಬೇಡವೇ ಬೇಡ. ಚಪಾತಿ ಮಣೆ ಮೇಲೆ ಪುಟ್ಟಿ ನಾದುವ ಆಸೆ ನನಗೂ ಬಂದಿತ್ತು. ಹಸಿ ಪುಟ್ಟಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಅದಕ್ಕೆ ಕೈಗವಸು ಒಳ್ಳೆಯದು. ಗೊಂಬೆ ಕೂರಿಸುವಾಗ ನನ್ನ ಸಿಪಾಯಿಗಳು ಮಕ್ಕಳ ಕೈಗೆ ಎಟುಕುವ ಕೆಳಗಿನ ಮೆಟ್ಟಿಲಿನಲ್ಲಿ ಇರುವುದಿಲ್ಲ. ಮೇಲೆ, ಪಟ್ಟದ ಗೊಂಬೆಗಳ ಕಾಲ ಬಳಿ ಕಾವಲು ನಿಲ್ಲುತ್ತಾರೆ. ಬಂದ ಮಕ್ಕಳಿಗೆ ಕೆಳಗೆ ಚನ್ನಪಟ್ಟಣದ ಮರದ ಆಟಿಕೆ ಇಟ್ಟಿರುತ್ತೇನೆ.

ಅಂದ ಹಾಗೆ, ಆ ಹಳದಿ ಕೋಟಿನವರನ್ನು ಮೈಸೂರು ಲ್ಯಾನ್ಸರ್ಸ್ ಅಂತಲೇ ನಾನು ಬಂದವರಿಗೆ ಪರಿಚಯ ಮಾಡಿಸುವುದು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಊರಿಗೆ ಕುದುರೆ ಮೇಲೆ ನುಗ್ಗಿದವರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಅವರದ್ದು. "ಅಮ್ಮ, ಅದು ಸ್ಕಿನ್ನರ್ಸ್ ಹಾರ್ಸ್, ಬಂಗಾಳದ ದಳ, ಸುಳ್ಳು ಹೇಳ್ಬೇಡ" ಅಂತ ಮಗ ಎಲ್ಲರ ಮುಂದೆಯೇ ತಿದ್ದುತ್ತಾನೆ. ಇರಲಿ, ಜಂಬೂ ಸವಾರಿಗೆ ನಮ್ಮೂರಿನವರೇ ಬೇಕಲ್ವಾ.

ಅಂಕ ಕೊಡಿ ಅಂದರೆ ಮಿಲಿಪುಟ್‌ಗೆ ಐದಕ್ಕೆ ನಾಲ್ಕು. ಕಾಲು, ಬಾಲ, ಕಿವಿ, ತಳ ಬಿರಿದದ್ದು ಇಷ್ಟಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬಾಗುವ, ಪೆಟ್ಟು ತಿನ್ನುವ ತೆಳು ಜಾಗಕ್ಕೆ ಬೇಡ. ಅವಸರದವರಿಗೂ ಬೇಡ. ಒಮ್ಮೆ ತೆರೆದ ಡಬ್ಬವನ್ನು ವರ್ಷಗಟ್ಟಲೆ ಇಟ್ಟರೆ ಕಡ್ಡಿಯ ಮೇಲೆ ಗಟ್ಟಿ ಸಿಪ್ಪೆ ಕಟ್ಟುತ್ತದೆ. ಎಸೆಯಬೇಡಿ, ಚಾಕುವಿನಲ್ಲಿ ಹೆರೆದರೆ ಒಳಗೆ ಮೆತ್ತಗೇ ಇರುತ್ತದೆ.

ಹೋದ ತಿಂಗಳು ಕೊಂಡ ಒಬ್ಬ ಕೆಂಪು ಕೋಟಿನ ಕಾಲಾಳಿನ ತಲೆ ಅಲ್ಲಾಡುತ್ತಿತ್ತು. ಮೆಲ್ಲಗೆ ಎಳೆದೆ, ಬಂತು. ಒಳಗೆ ಕಪ್ಪಾದ ಒಂದು ಬೆಂಕಿಕಡ್ಡಿ. ನನಗಿಂತ ಮುಂಚೆ ಯಾರೋ, ಯಾರದೋ ಮಗನಿಗಾಗಿ, ಹೆರೆದು ತೂರಿಸಿದ್ದು. ಹೊಸ ಕಡ್ಡಿ ಹೆರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟು, ಹಳೆಯದಕ್ಕೇ ಒಂದು ಹನಿ ಅಂಟು ಹಾಕಿ ತಲೆ ವಾಪಸ್ ಕೂರಿಸಿದೆ. ಈಗ ಸ್ವಲ್ಪ ಎಡಕ್ಕೆ ನೋಡುತ್ತಾನೆ. ಮೂರು ಕಾಲಿನ ಕುದುರೆಗೆ ಇವತ್ತು ರಾತ್ರಿ ತಂತಿ ಹಾಕಬೇಕು, ಮಹಾಲಯ ಅಮಾವಾಸ್ಯೆಗೆ ಇನ್ನು ಒಂಬತ್ತೇ ದಿನ.